ಟರ್ಕಿಯ ಹಮಾಮಿಗೆ ಮೊದಲ ಸಲ ಹೋಗುವವರಿಗೆ

ಪ್ರಶ್ನೆ: ಬರುವ ಅಕ್ಟೋಬರಿನಲ್ಲಿ ನಾನು, ನನ್ನ ಯಜಮಾನರು ಮತ್ತು 66 ವರ್ಷದ ನನ್ನ ಅತ್ತೆಯವರು ಟರ್ಕಿ ಪ್ರವಾಸಕ್ಕೆ ಹೊರಟಿದ್ದೇವೆ. ಇಸ್ತಾಂಬುಲ್‌ನಲ್ಲಿ ನಾಲ್ಕು ದಿನ, ಬುರ್ಸಾದಲ್ಲಿ ಎರಡು ದಿನ ತಂಗುತ್ತೇವೆ. ಅಲ್ಲಿಗೆ ಹೋಗಿ ಬಂದವರೆಲ್ಲ ಹಮಾಮಿನ ಸ್ನಾನ ಮಾತ್ರ ಬಿಡಬೇಡಿ ಎನ್ನುತ್ತಾರೆ. ಒಳಗೆ ಏನು ನಡೆಯುತ್ತದೆಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಬಟ್ಟೆ ಎಷ್ಟು ಕಳಚಬೇಕು? ಮೈ ಉಜ್ಜುವವರು ಗಂಡಸರೋ ಹೆಂಗಸರೋ? ಮಾಂಗಲ್ಯ, ಒಡವೆಗಳನ್ನು ಏನು ಮಾಡಬೇಕು? ಅತ್ತೆಯವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರನ್ನೂ ಕರೆದೊಯ್ಯಬಹುದೇ? ಕೊಟ್ಟ ದುಡ್ಡಿಗೆ ಇದು ತಕ್ಕದ್ದೇ?

ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದವುಗಳಲ್ಲಿ ಹೆಚ್ಚಿನವು ಅದಕ್ಕೇ ಅಂಟಿಕೊಂಡಿವೆ. ಹಮಾಮ್ ಎಂದರೆ ಟರ್ಕಿಯ ಸಾರ್ವಜನಿಕ ಬಿಸಿ ಸ್ನಾನಗೃಹ. ಸಾಂಪ್ರದಾಯಿಕ ಹಮಾಮಿನಲ್ಲಿ ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಸ್ನಾನ ಮಾಡಿಸುತ್ತಾರೆ. ಸ್ನಾನ ಮಾಡಿಸುವ ಹೆಂಗಸನ್ನು ಅಲ್ಲಿ ‘ನಾತಿರ್’ ಎಂದೂ ಗಂಡಸನ್ನು ‘ತೆಲ್ಲಾಕ್’ ಎಂದೂ ಕರೆಯುತ್ತಾರೆ. ಟರ್ಕಿಯನ್ನು ಹಿಂದೆ ಆಳಿದ ಆಟೊಮನ್ ಸುಲ್ತಾನರ ಕಾಲದ ದೊಡ್ಡ ಹಮಾಮುಗಳನ್ನು ಬಹುಮಟ್ಟಿಗೆ ಜೋಡಿಯಾಗಿಯೇ ಕಟ್ಟಿದ್ದಾರೆ: ಒಂದಕ್ಕೊಂದು ಬೆನ್ನು ಹಚ್ಚಿದ ಎರಡು ಸ್ನಾನಗೃಹಗಳು, ಎರಡಕ್ಕೂ ಸೇರಿ ನೀರು ಕಾಯಿಸುವ ವ್ಯವಸ್ಥೆ, ಆದರೆ ಬಾಗಿಲು ಬೇರೆ ಬೇರೆ. ಒಂದೇ ಸ್ನಾನಗೃಹವಿರುವ ಕಡೆ ಹೊತ್ತನ್ನು ಹಂಚಿರುತ್ತಾರೆ. ಉದಾಹರಣೆಗೆ, ಇಸ್ತಾಂಬುಲ್‌ನ ತೋಪ್‌ಹಾನೆಯಲ್ಲಿರುವ ಕಿಲಿಚ್ ಅಲಿ ಪಾಶಾ ಹಮಾಮಿನಲ್ಲಿ ಬೆಳಿಗ್ಗೆಯಿಂದ ಇಳಿಹೊತ್ತಿನವರೆಗೆ ಹೆಂಗಸರಿಗೆ, ಅನಂತರ ರಾತ್ರಿಯವರೆಗೆ ಗಂಡಸರಿಗೆ ಪ್ರವೇಶ.

ಇದಕ್ಕೆ ಎರಡು ಅಪವಾದಗಳಿವೆ ಮತ್ತು ಮುಜುಗರದ ಕತೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ದಂಪತಿಗಳು, ಕುಟುಂಬದವರು ಒಟ್ಟಿಗೆ ಹೋಗಬಹುದಾದ ಹಮಾಮುಗಳು ಕೆಲವಿವೆ. ಸುಲೇಮಾನಿಯೆ ಮಸೀದಿಯ ಪಕ್ಕದ ಹಮಾಮ್ ಅಂಥದು, ಅಲ್ಲಿ ಉಜ್ಜುವವರು ಗಂಡಸರು. ಇನ್ನೊಂದು, ಹೋಟೆಲುಗಳ ನೆಲಮಾಳಿಗೆಯಲ್ಲೂ ಕಡಲತೀರದ ರೆಸಾರ್ಟುಗಳಲ್ಲೂ ಇರುವ ಹೊಸ ಹಮಾಮುಗಳು. ಅವುಗಳಲ್ಲಿ ಒಂದೊಂದು ಕಡೆ ಒಂದೊಂದು ಪದ್ಧತಿ. ಇವು ಕೆಟ್ಟವೆಂದು ನಾನು ಹೇಳುತ್ತಿಲ್ಲ, ಆದರೆ ಗೊತ್ತಿಲ್ಲದೆ ಹೋಗಬಾರದು. ಆದ್ದರಿಂದ ಜಾಗ ಕಾದಿರಿಸುವಾಗಲೇ ಹೆಂಗಸರ ವಿಭಾಗ ಪ್ರತ್ಯೇಕವಾಗಿದೆಯೇ, ಅಲ್ಲಿ ಸ್ನಾನ ಮಾಡಿಸುವವರು ಹೆಂಗಸರೇ ಎಂಬೆರಡನ್ನು ಕೇಳಿ ಖಚಿತಪಡಿಸಿಕೊಳ್ಳಿ. ಹಾಗೆ ಕೇಳುವವರು ನೀವೊಬ್ಬರೇ ಅಲ್ಲ, ಟರ್ಕಿಯ ಗೃಹಿಣಿಯರೂ ಅದನ್ನೇ ಕೇಳುತ್ತಾರೆ. ಆಗ ನಿಮ್ಮ ಯಜಮಾನರು ಇನ್ನೊಂದು ಬಾಗಿಲಿನಿಂದ ಒಬ್ಬರೇ ಒಳಗೆ ಹೋಗಬೇಕಾಗುತ್ತದೆ, ಇದನ್ನು ಅವರಿಗೆ ಮೊದಲೇ ತಿಳಿಸಿಬಿಡಿ. ಹಲವು ವರ್ಷಗಳಿಂದ ಕನ್ನಡದ ಪ್ರವಾಸಿ ತಂಡಗಳನ್ನು ಆ ದೇಶಕ್ಕೆ ಕರೆದೊಯ್ಯುತ್ತಿರುವ ನಾನು ಕಂಡಂತೆ, ಬಾಗಿಲ ಬಳಿ ಹಿಂದೇಟು ಹಾಕುವವರು ಹೆಚ್ಚಾಗಿ ಗಂಡಸರೇ.

ಜಾಹೀರಾತಿನ ಚಿತ್ರಗಳನ್ನು ನೋಡಿ ಹಮಾಮನ್ನು ಸ್ಪಾ ಎಂದುಕೊಂಡು ಹೋಗುವವರಿಗೆ ಒಳಗೆ ಗಲಿಬಿಲಿಯಾಗುತ್ತದೆ. ಅಲ್ಲಿ ಮಂದ ಸಂಗೀತವಿಲ್ಲ, ಹೂವಿನ ಎಸಳುಗಳಿಲ್ಲ, ನಿಮ್ಮೊಬ್ಬರಿಗೇ ಮೀಸಲಾದ ಕೋಣೆಯೂ ಇಲ್ಲ. ಹತ್ತಾರು ಜನರಿರುವ ಒಂದು ಬಿಸಿಯಾದ ಕಲ್ಲಿನ ಮನೆಯಲ್ಲಿ, ನೀವು ಹೆಸರನ್ನೂ ಅರಿಯದ ಒಬ್ಬ ಗಟ್ಟಿ ತೋಳಿನ ಹೆಂಗಸು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಉಜ್ಜಿ ತೊಳೆಯುತ್ತಾಳೆ, ನಡೆಯುವುದು ಇಷ್ಟೇ. ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ ಅಜ್ಜಿ ನಮ್ಮನ್ನು ಬಚ್ಚಲಿನಲ್ಲಿ ಕೂರಿಸಿಕೊಂಡು, ಕೈಕಾಲು ತಿರುವಿ, ಎಣ್ಣೆ ಹಚ್ಚಿ ಸೀಗೆಪುಡಿ ತಿಕ್ಕಿ, ಹಂಡೆಯಿಂದ ಚೊಂಬುಗಟ್ಟಲೆ ಬಿಸಿನೀರು ಹುಯ್ಯುತ್ತಿದ್ದಳಲ್ಲ, ಅದು ಯಾರಿಗೆ ನೆನಪಿದೆಯೋ ಅವರಿಗೆ ಹಮಾಮ್ ಅಷ್ಟೇನೂ ಪರಕೀಯವೆನಿಸದು. ದೊಡ್ಡವರಾದ ಮೇಲೆ ನಮ್ಮ ಮೈಯನ್ನು ಇನ್ನೊಬ್ಬರ ಕೈಗೆ ಹಾಗೆ ಒಪ್ಪಿಸಿ ಅಭ್ಯಾಸ ತಪ್ಪಿಹೋಗಿರುವುದರಿಂದ ಮೊದಲ ಐದು ನಿಮಿಷ ಮಾತ್ರ ಕಷ್ಟ.

ಈಗ ಬಾಗಿಲಿನಿಂದ ಒಳಗೆ ಹೋಗೋಣ. ಮೊದಲು ಸಿಗುವುದು ‘ಜಾಮೆಕ್ಯಾನ್’ ಎಂಬ ಎತ್ತರದ ಗುಮ್ಮಟದ ಹಜಾರ. ಸುತ್ತಲೂ ಮರದ ಸಣ್ಣ ಕೋಣೆಗಳೋ ಬೀಗದ ಕಪಾಟುಗಳೋ ಇರುತ್ತವೆ, ನಡುವೆ ಸಾಮಾನ್ಯವಾಗಿ ಒಂದು ಕಾರಂಜಿ. ಇಲ್ಲಿ ಹಣ ಕಟ್ಟಿದ ಮೇಲೆ ನಿಮಗೆ ಬೀಗದ ಕೈ, ಚೌಕಳಿಯ ತೆಳು ಹತ್ತಿಬಟ್ಟೆ ಮತ್ತು ಚಪ್ಪಲಿ ಕೊಡುತ್ತಾರೆ. ಆ ಬಟ್ಟೆಯ ಹೆಸರು ‘ಪೆಷ್ತೆಮಾಲ್’. ನಮ್ಮ ಪಾಣಿಪಂಚೆಗೆ ಚೌಕಳಿ ನೇಯ್ದು ಅಂಚಿಗೆ ಕುಚ್ಚು ಕಟ್ಟಿದರೆ ಹೇಗಿರುತ್ತದೋ ಹಾಗಿರುತ್ತದೆ. ಹಿಂದೆ ‘ನಾಲಿನ್’ ಎಂಬ ಎತ್ತರದ ಮರದ ಪಾದುಕೆಗಳಿದ್ದವು, ಶ್ರೀಮಂತರ ಮನೆಯ ಹೆಂಗಸರ ನಾಲಿನ್‌ಗಳಿಗೆ ಮುತ್ತಿನ ಚಿಪ್ಪಿನ ಕುಸುರಿಯೂ ಇರುತ್ತಿತ್ತು. ಈಗ ಹೆಚ್ಚಿನ ಕಡೆ ಪ್ಲಾಸ್ಟಿಕ್ ಚಪ್ಪಲಿ. ಅಂದ ಕಡಿಮೆಯಾದರೂ ಸೋಪುನೀರು ಹರಿಯುವ ಅಮೃತಶಿಲೆಯ ಮೇಲೆ ಅದೇ ಕ್ಷೇಮ.

ಬಟ್ಟೆ ಎಷ್ಟು ಕಳಚಬೇಕೆಂಬ ಪ್ರಶ್ನೆಗೆ ಗಂಡಸರ ಕಡೆಯ ಉತ್ತರ ಒಂದೇ ಮಾತಿನದು: ಪೆಷ್ತೆಮಾಲ್ ಸೊಂಟದಿಂದ ಎಂದೂ ಜಾರಬಾರದು. ಅಲ್ಲಿ ಪೂರ್ಣ ಬತ್ತಲಾಗುವುದು ಅಸಭ್ಯತೆ. ತೆಲ್ಲಾಕ್ ಕೂಡ ಅದನ್ನು ಸರಿಸಿ ಸರಿಸಿಯೇ ಉಜ್ಜುತ್ತಾನೆ, ಮರ್ಮಸ್ಥಾನವನ್ನು ಮುಟ್ಟುವುದಿಲ್ಲ. ಹೆಂಗಸರ ಕಡೆ ಕಟ್ಟುನಿಟ್ಟು ಕಡಿಮೆ. ಸ್ಥಳೀಯ ಹೆಂಗಸರಲ್ಲಿ ಬಹಳಷ್ಟು ಜನ ಒಳಚಡ್ಡಿಯೊಂದನ್ನೇ ಉಳಿಸಿಕೊಳ್ಳುತ್ತಾರೆ, ಕೆಲವರು ಅದನ್ನೂ ಉಳಿಸಿಕೊಳ್ಳುವುದಿಲ್ಲ. ಪ್ರವಾಸಿಗರಲ್ಲಿ ಈಜುಡುಗೆ ತೊಟ್ಟವರೂ ಇರುತ್ತಾರೆ. ಪ್ರವಾಸಿಗರು ಹೆಚ್ಚು ಬರುವ ಹಮಾಮುಗಳಲ್ಲಿ ಒಮ್ಮೆ ಬಳಸಿ ಎಸೆಯುವ ಚಡ್ಡಿಯನ್ನು ಅವರೇ ಕೊಡುವುದುಂಟು. ನೀವು ಎರಡು ತುಂಡಿನ ಈಜುಡುಗೆ ತೊಟ್ಟು ಹೋಗಿ ಎಂದು ನನ್ನ ಸಲಹೆ, ಮೇಲ್ಭಾಗ ತೆಗೆಯುವುದು ಬಿಡುವುದು ಒಳಗೆ ಹೋದ ಮೇಲೆ ನಿಮ್ಮಿಷ್ಟ. ಇಡೀ ಮೈ ಮುಚ್ಚುವ ಒಂದೇ ತುಂಡಿನದು ಬೇಡ, ಅದರ ಮೇಲೆ ಉಜ್ಜಲಾಗುವುದಿಲ್ಲ, ಬೆನ್ನು ಹಾಗೇ ಉಳಿದುಬಿಡುತ್ತದೆ. ಹಿಂತಿರುಗುವಾಗ ತೊಡಲು ಒಣಗಿದ ಒಳಉಡುಪು ಒಯ್ಯುವುದನ್ನು ಮರೆಯಬೇಡಿ. ಎಲ್ಲರೂ ಮರೆಯುವುದು ಇದನ್ನೇ.

ಹಜಾರದಿಂದ ಒಂದು ಬೆಚ್ಚನೆಯ ನಡುಕೋಣೆಯನ್ನು ದಾಟಿ ಬಿಸಿಕೋಣೆಗೆ ಹೋಗುತ್ತೀರಿ. ಈ ನಡುಕೋಣೆ ಸುಮ್ಮನೆ ಕಟ್ಟಿದ್ದಲ್ಲ. ಮೈ ಮೆಲ್ಲಗೆ ಶಾಖಕ್ಕೆ ಹೊಂದಿಕೊಳ್ಳಲೆಂದು ರೋಮನ್ನರು ತಮ್ಮ ಸ್ನಾನಗೃಹಗಳಲ್ಲಿ ಮಾಡಿದ್ದ ಏರ್ಪಾಟನ್ನೇ ತುರ್ಕರೂ ಮುಂದುವರಿಸಿದ್ದಾರೆ, ಆದ್ದರಿಂದ ಅಲ್ಲಿ ಐದಾರು ನಿಮಿಷ ನಿಲ್ಲಿ. ಬಿಸಿಕೋಣೆಯ ಹೆಸರು ‘ಸಿಜಕ್ಲಿಕ್’. ಅದರ ನಡುವೆ, ಗುಮ್ಮಟದ ನೇರ ಕೆಳಗೆ, ಮಂಡಿಯೆತ್ತರದ ಅಗಲವಾದ ಅಮೃತಶಿಲೆಯ ಜಗಲಿ ಇರುತ್ತದೆ. ‘ಗೊಬೆಕ್ ತಾಶಿ’, ಅಂದರೆ ಹೊಕ್ಕುಳಗಲ್ಲು. ಮೇಲೆ ಗುಮ್ಮಟದಲ್ಲಿ ಕಿಟಕಿಗಳಿಲ್ಲ, ಬದಲಿಗೆ ಗಾಜು ಕೂರಿಸಿದ ಹತ್ತಾರು ದುಂಡು ರಂಧ್ರಗಳಿವೆ, ಅವನ್ನು ‘ಆನೆಗಣ್ಣು’ ಎನ್ನುತ್ತಾರೆ. ಬಿಸಿಲಿರುವ ಬೆಳಿಗ್ಗೆ ಹೋದರೆ ಆ ಕಣ್ಣುಗಳಿಂದಿಳಿಯುವ ಬೆಳಕಿನ ಕೋಲುಗಳು ಹಬೆಯಲ್ಲಿ ನಿಚ್ಚಳವಾಗಿ ಕಾಣುತ್ತವೆ, ಕಲ್ಲಿನ ಮೇಲೆ ಮಲಗಿದಷ್ಟು ಹೊತ್ತಿನಲ್ಲೇ ಅವು ಸ್ವಲ್ಪ ಸ್ವಲ್ಪವಾಗಿ ಸರಿಯುವುದೂ ತಿಳಿಯುತ್ತದೆ. ಸಂಜೆಯ ಜಾಗಕ್ಕಿಂತ ಬೆಳಗಿನದನ್ನೇ ಕಾದಿರಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಮುಖ್ಯವಾಗಿ ಇದಕ್ಕಾಗಿ.

ಕಲ್ಲು ಬಿಸಿಯಾಗುವುದು ಕೆಳಗಿನಿಂದ. ‘ಕ್ಯುಲ್ಹಾನ್’ ಎಂಬ ಒಲೆಮನೆಯಲ್ಲಿ ಸೌದೆ ಉರಿಸಿ, ಆ ಬೆಂಕಿಯ ಬಿಸಿಗಾಳಿಯನ್ನೂ ಹೊಗೆಯನ್ನೂ ನೆಲದಡಿಯ ಪೊಳ್ಳು ಜಾಗದಲ್ಲಿ ಹಾಯಿಸಿ, ಗೋಡೆಯೊಳಗೆ ಹುದುಗಿಸಿದ ಕೊಳವೆಗಳ ಮೂಲಕ ಹೊರಗೆ ಬಿಡುತ್ತಿದ್ದರು. ಹೀಗಾಗಿ ಕಾದ ಒಲೆ ಕಣ್ಣಿಗೆ ಬೀಳದೆಯೇ ನೆಲ, ಜಗಲಿ, ಗೋಡೆಗಳೆಲ್ಲ ಕಾಯುತ್ತಿದ್ದವು. ನೆಲದಡಿಯ ಆ ಜಾಗಕ್ಕೆ ತುರ್ಕರು ‘ಜೆಹೆನ್ನೆಮ್ಲಿಕ್’ ಎಂದು ಹೆಸರಿಟ್ಟಿದ್ದಾರೆ, ಜಹನ್ನಮ್ ಎಂದರೆ ನರಕ. ಮನೆಮಠವಿಲ್ಲದ ಹುಡುಗರು ಚಳಿಗಾಲದಲ್ಲಿ ಒಲೆಮನೆಯಲ್ಲಿ ಮಲಗುತ್ತಿದ್ದರಂತೆ. ಪುಂಡರನ್ನು ಕರೆಯಲು ಟರ್ಕಿ ಭಾಷೆಯಲ್ಲಿರುವ ‘ಕ್ಯುಲ್ಹಾನ್‌ಬೇಯಿ’ ಎಂಬ ಮಾತು ಬಂದದ್ದು ಅಲ್ಲಿಂದ. ಈಗ ಹೆಚ್ಚಿನ ಕಡೆ ಸೌದೆಯ ಬದಲು ಗ್ಯಾಸ್ ಬಂದಿದೆ. ಬಿಸಿಕೋಣೆಯ ಶಾಖ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಕೆಲವೆಡೆ ಇನ್ನೂ ತುಸು ಮೇಲೆ ಇರುತ್ತದೆ. ಫಿನ್ಲೆಂಡಿನ ಸೌನಾದ 80–90 ಡಿಗ್ರಿಯ ಒಣ ಬಿಸಿಗೆ ಹೋಲಿಸಿದರೆ ಇದು ಸೌಮ್ಯ. ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದು, ಮೇ ತಿಂಗಳ ಮಂಗಳೂರನ್ನು ಬಲ್ಲವರಿಗೆ ಇದರ ರುಚಿ ಗೊತ್ತಿರುತ್ತದೆ.

ಕಲ್ಲಿನ ಮೇಲೆ ಪೆಷ್ತೆಮಾಲ್ ಹಾಸಿ ಹದಿನೈದು ಇಪ್ಪತ್ತು ನಿಮಿಷ ಮಲಗಿರಲು ಹೇಳುತ್ತಾರೆ. ಯಾರೂ ಬರಲಿಲ್ಲ, ನಮ್ಮನ್ನು ಮರೆತರು ಎಂದು ನಮ್ಮವರು ಎದ್ದು ಹುಡುಕಾಡುವುದು ಈ ಘಟ್ಟದಲ್ಲಿ. ಮರೆತಿರುವುದಿಲ್ಲ. ಚರ್ಮ ನೆನೆದು ಮೆತ್ತಗಾಗದೆ ಮುಂದಿನ ಕೆಲಸ ಆಗುವಂತಿಲ್ಲ, ಹುಣಸೆಹಣ್ಣು ನೆನೆಯದೆ ರಸ ಬಿಡದಲ್ಲ, ಹಾಗೆ. ‘ಹಮಾಮಿಗೆ ಹೊಕ್ಕವನು ಬೆವರುತ್ತಾನೆ’ ಎಂಬುದು ತುರ್ಕರ ಗಾದೆ. ಕೆಲಸಕ್ಕಿಳಿದ ಮೇಲೆ ಅದರ ಕಷ್ಟವನ್ನೂ ಉಣ್ಣಬೇಕು ಎಂಬರ್ಥದಲ್ಲಿ ಬಳಸುತ್ತಾರೆ.

ಆಮೇಲೆ ನಾತಿರ್ ಬಂದು ನಿಮ್ಮ ಮೇಲೆ ನೀರು ಹುಯ್ದು, ಕೈಗೆ ‘ಕೆಸೆ’ ಎಂಬ ಒರಟು ಚೀಲವನ್ನು ತೊಡುತ್ತಾಳೆ. ಇದರ ಕೆಲಸ ತೊಳೆಯುವುದಲ್ಲ, ಕೆರೆಯುವುದು. ಸೋಪು ಹಾಕದೆ, ಹೆಗಲಿನಿಂದ ಮುಂಗೈವರೆಗೆ, ಕತ್ತಿನಿಂದ ಸೊಂಟದವರೆಗೆ ಉದ್ದುದ್ದಕ್ಕೆ ಬಲವಾಗಿ ಎಳೆಯುತ್ತಾಳೆ. ಎರಡು ಮೂರು ಸಲ ಎಳೆಯುವಷ್ಟರಲ್ಲಿ ತೋಳಿನ ಮೇಲೆ ಬೂದುಬಣ್ಣದ ಎಳೆಗಳು ಶಾವಿಗೆಯಂತೆ ಸುರುಳಿ ಸುರುಳಿಯಾಗಿ ಏಳುತ್ತವೆ. ಅದು ಸತ್ತ ಚರ್ಮ ಮತ್ತು ಕೊಳೆ. ದಿನವೂ ಎರಡು ಹೊತ್ತು ಸ್ನಾನ ಮಾಡುವವರ ಮೈಯಿಂದಲೂ ಅದು ಏಳುತ್ತದೆ, ಎಷ್ಟು ಎದ್ದರೆ ನಾತಿರ್‌ಗೆ ಅಷ್ಟು ಹೆಮ್ಮೆ. ನಿಮ್ಮ ಕೈಹಿಡಿದು ನೋಡು ಎಂದು ತೋರಿಸಿಯೇ ತೋರಿಸುತ್ತಾಳೆ. ನಾಚಿಕೊಳ್ಳಬೇಡಿ. ಪಾರ್ವತಿ ತನ್ನ ಮೈಯ ಮಣ್ಣಿನಿಂದ ಗಣಪನನ್ನು ಮಾಡಿದಳೆಂಬ ಕತೆಯನ್ನು ಚಿಕ್ಕಂದಿನಲ್ಲಿ ಕೇಳಿ ನಂಬದವರಿಗೆ ಅಂದು ನಂಬಿಕೆ ಬರುತ್ತದೆ. ಉಜ್ಜುವಿಕೆ ಬಿರುಸಾಗಿರಬೇಕು, ಆದರೆ ಉರಿಯಬಾರದು. ಉರಿದರೆ ‘ಯವಾಶ್, ಯವಾಶ್’ ಎನ್ನಿ, ಮೆಲ್ಲಗೆ ಎಂದರ್ಥ. ಈ ಒಂದು ಮಾತು, ಸರಿ ಎಂಬುದಕ್ಕೆ ‘ತಮಾಮ್’, ನೀರಿಗೆ ‘ಸು’, ಇಷ್ಟಿದ್ದರೆ ಭಾಷೆಯ ತೊಂದರೆ ಮುಗಿಯಿತು. ಹೊರಳು, ಕೂರು, ಏಳು ಎಂಬುದನ್ನೆಲ್ಲ ಅವಳು ತೊಡೆಯ ಮೇಲೊಂದು ಪೆಟ್ಟು ಕೊಟ್ಟು ತಿಳಿಸುತ್ತಾಳೆ. ಆ ಪೆಟ್ಟಿನಲ್ಲಿ ಸಿಟ್ಟಿಲ್ಲ.

ಮೂರನೆಯದು ನೊರೆ, ಹಮಾಮಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ. ದಿಂಬಿನ ಚೀಲದಂಥ ಒಂದು ತೆಳು ಬಟ್ಟೆಯನ್ನು ಸೋಪುನೀರಿನಲ್ಲಿ ಅದ್ದಿ ಎತ್ತಿ, ಗಾಳಿಯಲ್ಲಿ ಒಮ್ಮೆ ಬೀಸಿ ಉಬ್ಬಿಸಿ, ಬಾಯಿ ಹಿಡಿದು ಕೈಯಿಂದ ಮೇಲಿನಿಂದ ಕೆಳಕ್ಕೆ ಸವರುತ್ತಾ ಬರುತ್ತಾರೆ. ಆಗ ಬಟ್ಟೆಯ ರಂಧ್ರಗಳಿಂದ ನೊರೆ ಉಕ್ಕಿ, ಆಗಷ್ಟೇ ಕರೆದ ಹಾಲಿನ ನೊರೆಯಂತೆ ನಿಮ್ಮ ಬೆನ್ನಿನ ಮೇಲೆ ಗೇಣೆತ್ತರ ಬೀಳುತ್ತದೆ. ತೂಕವೇ ಇಲ್ಲದ ಬಿಸಿ ಅದು. ಆ ನೊರೆಯೊಳಗೇ ಕೈಯಾಡಿಸಿ ಕತ್ತು, ಬೆನ್ನು, ಮೀನಖಂಡಗಳನ್ನು ನೀವುತ್ತಾರೆ. ಆಮೇಲೆ ಗೋಡೆಯ ಬಳಿ ಕೂರಿಸಿ ತಲೆ ತೊಳೆದು, ಬಿಸಿ, ಬೆಚ್ಚನೆ, ಕೊನೆಗೆ ತಣ್ಣೀರು ಹುಯ್ಯುತ್ತಾರೆ. ಉಜ್ಜುವುದರಿಂದ ಇಲ್ಲಿಯವರೆಗೆ ಅರ್ಧ ಗಂಟೆ ಹಿಡಿದರೆ ಹೆಚ್ಚು. ಅನಂತರ ನೀವೇ ಎದ್ದು ಹೋಗುವವರೆಗೆ ಯಾರೂ ಏಳಿಸುವುದಿಲ್ಲ, ಹೆಚ್ಚು ಜನರಿಲ್ಲದಿದ್ದರೆ ಕಲ್ಲಿನ ಮೇಲೆ ಇನ್ನೊಂದು ಸಲ ಮಲಗಬಹುದು.

ಇಲ್ಲಿ ಒಂದು ಶಿಷ್ಟಾಚಾರ ತಿಳಿದಿರಬೇಕು. ಗೋಡೆಯುದ್ದಕ್ಕೂ ‘ಕುರ್ನಾ’ ಎಂಬ ಅಮೃತಶಿಲೆಯ ತೊಟ್ಟಿಗಳಿರುತ್ತವೆ, ಮೇಲೆ ಬಿಸಿನೀರಿನ ಮತ್ತು ತಣ್ಣೀರಿನ ನಲ್ಲಿಗಳು. ತೊಟ್ಟಿಯಲ್ಲಿ ನೀರು ಹೊರಹೋಗುವ ತೂತಿಲ್ಲ, ತುಂಬಿದ್ದು ಅಂಚಿನಿಂದ ಚೆಲ್ಲುತ್ತದೆ. ‘ತಾಸ್’ ಎಂಬ ಲೋಹದ ಬಟ್ಟಲಿನಿಂದ ಮೊಗೆದು ಮೈಮೇಲೆ ಹುಯ್ದುಕೊಳ್ಳಬೇಕೇ ಹೊರತು ಅದರೊಳಗೆ ಕೈಕಾಲು ಅದ್ದುವುದಾಗಲಿ, ಸೋಪಿನ ನೊರೆ ಬೀಳಿಸುವುದಾಗಲಿ ಕೂಡದು. ನಿಂತ ನೀರಿನಲ್ಲಿ ಮುಳುಗಿ ಕೂರುವುದು ಶುದ್ಧಿಯಲ್ಲ, ಹರಿಯುವ ನೀರು ಮೈಮೇಲೆ ಬೀಳಬೇಕು ಎಂಬ ಭಾವನೆ ಇದರ ಹಿಂದಿದೆ. ರೋಮನ್ನರ ಸ್ನಾನಗೃಹದಲ್ಲಿದ್ದ ಕೊಳ ಆಟೊಮನ್ ಹಮಾಮಿನಲ್ಲಿ ಮಾಯವಾದದ್ದು ಅದರಿಂದಲೇ. ಯೂರೋಪಿನ ಪ್ರವಾಸಿಗರಿಗೆ ಇದನ್ನು ವಿವರಿಸಬೇಕಾಗುತ್ತದೆ. ಹಂಡೆಗೆ ಕೈ ಅದ್ದಿ ಬೈಸಿಕೊಂಡು ಬೆಳೆದ ನಮಗೆ ಬೇಕಿಲ್ಲ.

ಒಡವೆಗಳ ವಿಷಯ. ಬಳೆ, ಸರ, ಉಂಗುರ, ಕೈಗಡಿಯಾರಗಳನ್ನು ತಂಗಿರುವ ಕೋಣೆಯಲ್ಲೇ ಬಿಟ್ಟು ಹೋಗಿ, ಹಮಾಮಿನ ಕಪಾಟಿನವರೆಗೂ ಒಯ್ಯಬೇಡಿ. ಲೋಹ ಬಿಸಿಯಾಗಿ ಚುರುಗುಟ್ಟುತ್ತದೆ, ಕೆಸೆಯ ಒರಟಿಗೆ ಸಿಕ್ಕಿ ಸರ ಕಿತ್ತುಹೋಗುವುದೂ ಉಂಟು. ಕರಿಮಣಿ ಸರವಂತೂ ಬೇಡವೇ ಬೇಡ. ಒಮ್ಮೆ ನಮ್ಮ ತಂಡದವರೊಬ್ಬರ ಸರ ಹರಿದು, ಸೋಪುನೀರು ಹರಿಯುವ ಕಾಲುವೆಯ ಬಳಿ ಮೂವರು ನಾತಿರ್‌ಗಳು ಮಂಡಿಯೂರಿ ಒಂದೊಂದೇ ಮಣಿ ಆರಿಸಿದ್ದನ್ನು ಅವರು ಇಂದಿಗೂ ಹೇಳುತ್ತಾರೆ. ಮಾಂಗಲ್ಯವನ್ನು ಕತ್ತಿನಿಂದ ತೆಗೆಯಲು ಮನಸ್ಸೊಪ್ಪದಿದ್ದರೆ ಅಂದಿನ ಮಟ್ಟಿಗೆ ತಾಳಿಯನ್ನು ಅರಿಸಿನ ದಾರಕ್ಕೆ ಪೋಣಿಸಿಕೊಳ್ಳಿ. ದಾರ ಬಿಸಿಯಾಗದು, ನಾತಿರ್ ಅದನ್ನು ಬದಿಗೆ ಸರಿಸಿ ಉಜ್ಜುತ್ತಾಳೆ. ಅರಿಸಿನ ಅವಳ ಬಿಳಿ ನೊರೆಗೆ ಹತ್ತಿದರೆ ಒಂದು ಕ್ಷಣ ಗಾಬರಿಯಾದಾಳು. ಕಾಲುಂಗುರದಿಂದ ತೊಂದರೆಯಿಲ್ಲ. ಮೂಗುತಿಯಿದ್ದರೆ ಬೆರಳಿಟ್ಟು ಮೊದಲೇ ತೋರಿಸಿ.

ಇನ್ನು ಕೆಲವು ಸಣ್ಣ ಸಂಗತಿಗಳು. ಕೈಗೆ ಮದರಂಗಿ ಹಾಕಿಸಿಕೊಂಡಿದ್ದರೆ ಅದು ಉಳಿಯುವುದಿಲ್ಲ. ಮದರಂಗಿಯ ಬಣ್ಣ ಹತ್ತಿರುವುದು ಚರ್ಮದ ಹೊರಪದರಕ್ಕೆ, ಕೆಸೆ ತೆಗೆಯುವುದೂ ಅದೇ ಪದರವನ್ನು. ಮದುವೆಯಾದ ವಾರಕ್ಕೆ ಬಂದಿದ್ದ ಹುಡುಗಿಯೊಬ್ಬಳ ಮೊಣಕೈವರೆಗಿನ ಚಿತ್ತಾರ ಅರ್ಧ ಗಂಟೆಯಲ್ಲಿ ಕಿತ್ತಳೆ ಮಚ್ಚೆಗಳಾದದ್ದನ್ನು ನಾನು ಕಂಡಿದ್ದೇನೆ. ಅಂದೇ ಅಥವಾ ಹಿಂದಿನ ದಿನ ಕೂದಲು ತೆಗೆಸಿಕೊಂಡಿದ್ದರೆ, ಬಿಸಿಲಿಗೆ ಚರ್ಮ ಸುಟ್ಟಿದ್ದರೆ, ಗಾಯ ಅಥವಾ ಕಜ್ಜಿಯಿದ್ದರೆ ಉಜ್ಜಿಸಿಕೊಳ್ಳಬೇಡಿ. ತಲೆಗೆ ಎಣ್ಣೆ ಹಚ್ಚಿ ಹೋಗಬೇಡಿ. ಕನ್ನಡಕ ಮಂಜಾಗುತ್ತದೆ, ಕಾಂಟ್ಯಾಕ್ಟ್ ಲೆನ್ಸನ್ನು ತೆಗೆದಿಡಿ. ಮೊಬೈಲನ್ನು ಹೊರಗೇ ಬಿಡಬೇಕು, ಬತ್ತಲೆ ಮೈಯ ಜನರಿರುವಲ್ಲಿ ಅದನ್ನು ಕೈಯಲ್ಲಿ ಹಿಡಿಯುವುದೇ ಅಪರಾಧದಂತೆ ಕಾಣುತ್ತದೆ. ಮುಟ್ಟಿನ ದಿನಗಳಲ್ಲಿ ಅಲ್ಲಿನ ಹೆಂಗಸರೂ ಸಾಮಾನ್ಯವಾಗಿ ಹೋಗುವುದಿಲ್ಲ.

ನಿಮ್ಮ ಅತ್ತೆಯವರ ಬಗ್ಗೆ ಹೆಚ್ಚು ಎಚ್ಚರದಿಂದ ಹೇಳಬೇಕು. ಬಿಸಿಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ಬೆವರಿನಿಂದ ಮೈಯ ನೀರೂ ಕಡಿಮೆಯಾಗುತ್ತದೆ. ಒತ್ತಡ ತಗ್ಗಿಸುವ ಮಾತ್ರೆಗಳು, ಅದರಲ್ಲೂ ಮೂತ್ರ ಹೆಚ್ಚಿಸುವ ಬಗೆಯವು, ಇದೇ ಕೆಲಸವನ್ನು ಮೊದಲೇ ಮಾಡುತ್ತಿರುತ್ತವೆ. ಎರಡೂ ಸೇರಿದಾಗ, ಮಲಗಿದ್ದವರು ತಟ್ಟನೆ ಎದ್ದರೆ ಕಣ್ಣು ಕತ್ತಲೆಗಟ್ಟಿ ಬೀಳುವ ಅಪಾಯವಿದೆ, ಕೆಳಗಿರುವುದು ಸೋಪು ಹರಿದ ಕಲ್ಲು. ಆದ್ದರಿಂದ ಹೊರಡುವ ಮೊದಲು ಅವರ ವೈದ್ಯರನ್ನು ಕೇಳಿ. ಹೃದಯದ ತೊಂದರೆಯಿದ್ದರೆ, ಈಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಬಿಸಿಕಲ್ಲಿನ ಆಸೆಯನ್ನು ಬಿಡುವುದೇ ಒಳ್ಳೆಯದು. ಗರ್ಭಿಣಿಯರಿಗೂ ಇದೇ ಮಾತು.

ವೈದ್ಯರು ಒಪ್ಪಿದರೆ ಅವರನ್ನು ಕರೆದೊಯ್ಯುವ ರೀತಿ ಬೇರೆ. ಹೊಕ್ಕುಳಗಲ್ಲಿನ ನಡುಭಾಗ ಎಲ್ಲಕ್ಕಿಂತ ಬಿಸಿ, ಅಲ್ಲಿ ಮಲಗಿಸಬೇಡಿ. ಗೋಡೆಯ ಬಳಿ ಕುರ್ನಾದ ಪಕ್ಕದ ಕಟ್ಟೆಯಲ್ಲಿ ಕುಳಿತೇ ಉಜ್ಜಿಸಿಕೊಳ್ಳಬಹುದು, ಅಲ್ಲಿನ ಮುದುಕಿಯರು ಮಾಡುವುದೂ ಹಾಗೆಯೇ. ಬಿಸಿಕೋಣೆಯಲ್ಲಿ ಹದಿನೈದು ನಿಮಿಷ ಸಾಕು. ಬರಿಹೊಟ್ಟೆಯೂ ಬೇಡ, ಭರ್ಜರಿ ಊಟದ ಮೇಲೂ ಬೇಡ. ಮೊದಲು ಒಂದು ಲೋಟ ನೀರು ಕುಡಿಸಿ, ನಡುನಡುವೆಯೂ ಕುಡಿಸಿ, ಏಳುವಾಗ ಮೊದಲು ಒಂದು ನಿಮಿಷ ಕೂರಿಸಿ ಆಮೇಲೆ ತೋಳು ಹಿಡಿದು ಏಳಿಸಿ, ಕೊನೆಯ ತಣ್ಣೀರನ್ನು ಬೇಡವೆಂದು ಹೇಳಿ. ವಿಮಾನ ಇಳಿದ ದಿನವೇ ಹೋಗಬೇಡಿ. ಅವರ ಸಂಗಡ ನೀವು ಒಳಗಿರಬೇಕು, ನೀವು ಕಲ್ಲಿನ ಮೇಲೆ ಕಣ್ಣು ಮುಚ್ಚಿ ಮಲಗಿ ಅವರು ಒಬ್ಬರೇ ನಡೆದಾಡುವಂತಾಗಬಾರದು. ನಾತಿರ್‌ಗಳ ಬಗ್ಗೆ ಒಂದು ಮಾತು ಹೇಳಬೇಕು: ವಯಸ್ಸಾದವರನ್ನು ಕಂಡರೆ ಅವರ ಕೈಯ ಬಿರುಸು ತಾನಾಗಿಯೇ ಇಳಿಯುತ್ತದೆ.

ಬುರ್ಸಾದಲ್ಲಿ ಸಂಗತಿ ಬೇರೆ. ಆ ಊರಿನ ಚೆಕಿರ್ಗೆ ಭಾಗದಲ್ಲಿ ನೆಲದಿಂದಲೇ ಬಿಸಿನೀರಿನ ಬುಗ್ಗೆಗಳು ಏಳುತ್ತವೆ, ಅಲ್ಲಿನ ಸ್ನಾನಗೃಹಗಳನ್ನು ‘ಕಾಪ್ಲಿಜಾ’ ಎನ್ನುತ್ತಾರೆ. ಆಟೊಮನ್ ಸುಲ್ತಾನ ಸುಲೇಮಾನನ ಮಂತ್ರಿ ರುಸ್ತೆಮ್ ಪಾಶಾ 16ನೆಯ ಶತಮಾನದಲ್ಲಿ ಕಟ್ಟಿಸಿದ ಯೆನಿ ಕಾಪ್ಲಿಜಾ ಇವುಗಳಲ್ಲಿ ಹೆಸರಾದದ್ದು. ಇಲ್ಲಿ ಗುಮ್ಮಟದ ಕೆಳಗೆ ಕಲ್ಲಿನ ಬದಲು ಖನಿಜಯುಕ್ತ ಬಿಸಿನೀರಿನ ಕೊಳವೇ ಇರುತ್ತದೆ, ನಿಂತ ನೀರಿಗಿಳಿಯದ ನಿಯಮಕ್ಕೆ ಬುಗ್ಗೆಯ ನೀರು ಅಪವಾದ. ನಿಮಗೂ ಯಜಮಾನರಿಗೂ ಅದು ಚೆನ್ನ. ಆದರೆ ಎದೆಮಟ್ಟದ ಬಿಸಿನೀರಿನಲ್ಲಿ ಮುಳುಗಿರುವುದು ಹಬೆಯಲ್ಲಿ ಕೂರುವುದಕ್ಕಿಂತ ರಕ್ತದೊತ್ತಡದವರಿಗೆ ಹೆಚ್ಚು ಶ್ರಮ. ಅತ್ತೆಯವರಿಗೆ ಇಸ್ತಾಂಬುಲ್ ಸಾಕು.

ಇಸ್ತಾಂಬುಲ್‌ನಲ್ಲಿ ಎಲ್ಲಿಗೆ? ಅಯಾ ಸೋಫ್ಯಾ ಮಸೀದಿಯ ಎದುರಿಗೇ ಇರುವ ಹುರ್ರೆಮ್ ಸುಲ್ತಾನ್ ಹಮಾಮನ್ನು ಶಿಲ್ಪಿ ಮಿಮಾರ್ ಸಿನಾನ್ 1550ರ ದಶಕದಲ್ಲಿ ಸುಲೇಮಾನನ ಮಡದಿ ಹುರ್ರೆಮ್‌ಗಾಗಿ ಕಟ್ಟಿದನು. ಬಹುಕಾಲ ಅದು ರತ್ನಗಂಬಳಿಯ ಅಂಗಡಿಯಾಗಿತ್ತು, 2011ರಲ್ಲಿ ಮತ್ತೆ ಹಮಾಮಾಯಿತು. ಗ್ರ್ಯಾಂಡ್ ಬಜಾರ್ ಎಂಬ ಚಾವಣಿ ಹೊದಿಸಿದ ಹಳೆಯ ಮಾರುಕಟ್ಟೆಯ ದಾರಿಯಲ್ಲಿರುವ ಚೆಂಬೆರ್ಲಿತಾಶ್ ಹಮಾಮ್ 1584ರದು, ಅದೂ ಸಿನಾನನದೇ. ಕಟ್ಟಿಸಿದವಳು ಸುಲೇಮಾನನ ಸೊಸೆ ನೂರ್‌ಬಾನು ಸುಲ್ತಾನ್. ಜಾಲೋಲು ಹಮಾಮನ್ನು ಸುಲ್ತಾನ ಒಂದನೆಯ ಮಹಮೂದ್ 1741ರಲ್ಲಿ ಕಟ್ಟಿಸಿದ್ದು ಅಯಾ ಸೋಫ್ಯಾದಲ್ಲಿ ತಾನು ತೆರೆದ ಗ್ರಂಥಾಲಯಕ್ಕೆ ವರಮಾನವಿರಲೆಂದು. ಮೀಯಲು ಬಂದವರ ಕಾಸಿನಿಂದ ಪುಸ್ತಕಗಳನ್ನು ಸಾಕಿದ ಆ ಏರ್ಪಾಟು ನನಗೆ ಬಹಳ ಹಿಡಿಸುತ್ತದೆ. ನಗರದ ನೀರನ್ನೂ ಸೌದೆಯನ್ನೂ ಇವು ವಿಪರೀತ ಬಳಸುತ್ತವೆಂದು 1768ರಲ್ಲಿ ದೊಡ್ಡ ಹಮಾಮುಗಳನ್ನು ಹೊಸದಾಗಿ ಕಟ್ಟುವುದನ್ನು ನಿಷೇಧಿಸಿದರು. ಹಳೆಯ ಕಟ್ಟಡಗಳು ದುರಸ್ತಿಗೆಂದು ಆಗಾಗ ಮುಚ್ಚಿರುತ್ತವೆ, ಆದ್ದರಿಂದ ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿಕೊಳ್ಳಿ. ಕಟ್ಟಡದ ಚೆಲುವನ್ನಷ್ಟೇ ನೋಡಬೇಕೆನ್ನುವವರು ನಮ್ಮ ಬೀದರಿಗೆ ಹೋದರೂ ಆದೀತು. ಅಲ್ಲಿನ ಕೋಟೆಯೊಳಗಿನ ವಸ್ತುಸಂಗ್ರಹಾಲಯ ಇರುವುದು ಹಿಂದಿನ ಶಾಹಿ ಹಮಾಮಿನಲ್ಲೇ. ನಮ್ಮ ಅಂಗಡಿಗಳಲ್ಲಿ ಸಿಗುವ ಹಮಾಮ್ ಸೋಪಿನ ಹೆಸರೂ ಈ ಮಾತಿನಿಂದ ಬಂದದ್ದು.

ಈ ಹೆಸರಾಂತ ಹಮಾಮುಗಳಲ್ಲಿ ತಲೆಗೆ ಹಲವು ಹತ್ತು ಯೂರೋಗಳಾಗುತ್ತವೆ. ಗಲ್ಲಿಯೊಳಗಿನ ನೆರೆಹೊರೆಯ ಹಮಾಮಿನಲ್ಲಿ ಅದರ ಒಂದು ಪಾಲು ಸಾಕು, ಆದರೆ ಅಲ್ಲಿ ಇಂಗ್ಲಿಷ್ ನಡೆಯದು, ಹೆಂಗಸರಿಗೆ ನಿಗದಿಯಾದ ದಿನವೇ ಹೋಗಬೇಕು. ಮೊದಲ ಸಲ ಹೋಗುವವರಿಗೆ, ಅದರಲ್ಲೂ ವಯಸ್ಸಾದವರನ್ನು ಜೊತೆಗೆ ಕರೆದುಕೊಂಡವರಿಗೆ, ಪ್ರತ್ಯೇಕ ವಿಭಾಗಗಳಿರುವ ಹಳೆಯ ದೊಡ್ಡ ಹಮಾಮಿಗೆ ಕೊಡುವ ದುಡ್ಡು ಸಾರ್ಥಕವೆಂದೇ ನಾನು ಹೇಳುತ್ತೇನೆ. ದುಡ್ಡು ದಂಡವಾಗುವುದು ಬೇರೆ ಕಡೆ. ದರಪಟ್ಟಿಯಲ್ಲಿ ಮೂರು ನಾಲ್ಕು ಬಗೆಯ ‘ಪ್ಯಾಕೇಜ್’ ಇರುತ್ತವೆ: ನೀವೇ ಮೀಯುವುದು, ಕೆಸೆ ಮತ್ತು ನೊರೆ ಸೇರಿದ್ದು, ಅದರ ಮೇಲೆ ಎಣ್ಣೆ ಮಾಲೀಸು, ಮುಖಕ್ಕೆ ಮಣ್ಣಿನ ಲೇಪ ಇತ್ಯಾದಿ. ಹಮಾಮಿನ ಜೀವವಿರುವುದು ಕೆಸೆ ಮತ್ತು ನೊರೆಯಲ್ಲಿ. ಎರಡನೆಯದನ್ನು ತೆಗೆದುಕೊಳ್ಳಿ, ಮೇಲಿನವು ಬೇಡ. ಎಣ್ಣೆ ಮಾಲೀಸಿಗೆ ಆ ದೇಶಕ್ಕೆ ಹೋಗಬೇಕಿಲ್ಲ. ಒಂದು ಕಡೆ ನಮ್ಮ ತಂಡದ ಇಬ್ಬರಿಗೆ, ಒದ್ದೆ ಮೈಯಲ್ಲಿ ಅರೆನಿದ್ದೆಯಲ್ಲಿರುವಾಗ, ಮಾಲೀಸು ಬೇಕೇ ಎಂದು ಕೇಳಿ ತಲೆಯಾಡಿಸಿದ್ದನ್ನೇ ಒಪ್ಪಿಗೆಯೆಂದುಕೊಂಡು ಕೊನೆಯಲ್ಲಿ ಹೆಚ್ಚಿನ ಹಣ ಎಣಿಸಿಕೊಂಡಿದ್ದರು. ನಾವು ಹೂಂ ಎನ್ನುವಾಗ ಅತ್ತಿತ್ತ ತಲೆಯಾಡಿಸುವುದು ಬೇರೆ ದೇಶದವರಿಗೆ ತಿಳಿಯದ ಭಾಷೆ, ಬಾಯಿಬಿಟ್ಟು ಹೇಳಿಬಿಡಿ. ಬೇಡ ಎನ್ನಲು ‘ಹಾಯಿರ್’.

ಮಿಂದ ಮೇಲೆ ತಲೆಗೊಂದು, ಹೆಗಲಿಗೊಂದು, ಸೊಂಟಕ್ಕೊಂದು ಒಣ ಟವೆಲು ಸುತ್ತಿ ಹಜಾರಕ್ಕೆ ಕರೆತಂದು ಕೂರಿಸುತ್ತಾರೆ. ಎದ್ದು ಓಡಬೇಡಿ. ಅರ್ಧ ಗಂಟೆ ಅಲ್ಲೇ ಒರಗಿ, ಸಣ್ಣ ಗಾಜಿನ ಲೋಟದ ಚಹಾವನ್ನೋ ಉಪ್ಪು ಹಾಕಿದ ತಣ್ಣನೆಯ ಮಜ್ಜಿಗೆಯಾದ ಅಯ್ರಾನನ್ನೋ ಕುಡಿಯುವುದು ಸ್ನಾನದ ಭಾಗವೇ. ಆ ಹೊತ್ತಿಗೆ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಹೊರಡುವಾಗ ನಾತಿರ್‌ಗೆ ಭಕ್ಷೀಸು ಕೊಡುವುದು ರೂಢಿ, ಕೊಟ್ಟ ದರದ ಹತ್ತರಲ್ಲೊಂದು ಪಾಲಿಗಿಂತ ಕಡಿಮೆಯಾಗದಂತೆ ಕೊಡಿ. ಕಾರ್ಡಿನಲ್ಲಿ ಹಣ ಕಟ್ಟಿದ್ದರೂ ಇದಕ್ಕಾಗಿ ಲಿರಾ ನೋಟುಗಳನ್ನು ಬೇರೆಯಾಗಿ ಇಟ್ಟುಕೊಂಡಿರಿ ಮತ್ತು ಅವಳ ಕೈಗೇ ಕೊಡಿ. ಆಗ ಅವಳು ‘ಸಿಹ್ಹತ್ಲೆರ್ ಒಲ್ಸುನ್’ ಎನ್ನುತ್ತಾಳೆ, ಆರೋಗ್ಯವಾಗಿರಿ ಎಂದರ್ಥ. ಆಗಷ್ಟೇ ಮಿಂದು ಬಂದವರಿಗೆ ಆ ನಾಡಿನಲ್ಲಿ ಎಲ್ಲರೂ ಹೇಳುವ ಮಾತದು. ನಿಮ್ಮ ಕೆಂಪೇರಿದ ಮುಖ ನೋಡಿ ಬೀದಿಯ ಸಿಮಿಟ್ ರೊಟ್ಟಿ ಮಾರುವವನೂ ಅದನ್ನೇ ಹೇಳಿದರೆ ಅಚ್ಚರಿಪಡಬೇಡಿ.